ಬುಡ ಕೊಳೆತು ಸಾಯುವ ಗಿಡಗಳು

ಪ್ರಶ್ನೆ: ಕೈತೋಟದ ಟೊಮೆಟೊ ಮತ್ತು ಮೆಣಸಿನ ಗಿಡಗಳು ಕಾಯಿ ಕಟ್ಟುವ ಹೊತ್ತಿಗೆ ಒಂದೊಂದಾಗಿ ಬಾಡಿ ಸಾಯುತ್ತಿವೆ. ಬುಡದಲ್ಲಿ ಬಿಳಿ ಬೂಷ್ಟು, ಅದರ ಮೇಲೆ ಕಂದು ಬಣ್ಣದ ಸಣ್ಣ ಗುಂಡುಗಳು ಕಾಣುತ್ತವೆ. ಅದೇ ಮಡಿಯಲ್ಲಿ ನೆಟ್ಟ ಸೇವಂತಿಗೆಯೂ ಹೋಯಿತು. ಎಲೆಗಳಿಗೆ ಔಷಧಿ ಸಿಂಪಡಿಸಿದರೂ ಪ್ರಯೋಜನವಾಗಲಿಲ್ಲ. ಮಣ್ಣನ್ನೇ ಬದಲಾಯಿಸಬೇಕೆ?

ಉತ್ತರ: ನೀವು ಹೇಳಿದ ಲಕ್ಷಣಗಳು ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರದಿಂದ ಬರುವ ಬುಡ ಕೊಳೆ ರೋಗದವು. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಇದನ್ನು ಮೊದಲು ವರದಿ ಮಾಡಿದ್ದು ಟೊಮೆಟೊ ಬೆಳೆಯಲ್ಲಿಯೇ. ಶೇಂಗಾ, ಹುರುಳಿಕಾಯಿ, ಈರುಳ್ಳಿಯಿಂದ ಹಿಡಿದು ಹೂವಿನ ಗಿಡಗಳವರೆಗೆ ಸುಮಾರು 500 ಜಾತಿಯ ಸಸ್ಯಗಳಿಗೆ ಇದು ತಗಲುತ್ತದೆಯಾದ್ದರಿಂದ, ಟೊಮೆಟೊ ಹೋದ ಜಾಗದಲ್ಲಿ ಸೇವಂತಿಗೆಯೂ ಹೋದದ್ದು ಆಶ್ಚರ್ಯವಲ್ಲ.

ಶಿಲೀಂಧ್ರವು ಆಕ್ಸಾಲಿಕ್ ಆಮ್ಲವನ್ನೂ ಕಿಣ್ವಗಳನ್ನೂ ಸ್ರವಿಸಿ, ಮಣ್ಣಿನ ಮಟ್ಟದಲ್ಲಿರುವ ಕಾಂಡದ ತೊಗಟೆಯನ್ನು ಮೊದಲು ಕೊಂದು ಆಮೇಲೆ ಒಳಗೆ ನುಗ್ಗುತ್ತದೆ. ಕೊಳೆ ಕಾಂಡದ ಸುತ್ತಲೂ ಹಬ್ಬಿದ ಮೇಲೆ, ಬೇರಿನ ಸುತ್ತ ಎಷ್ಟೇ ತೇವವಿದ್ದರೂ ನೀರು ಮೇಲೇರದೆ ಗಿಡ ಬಾಡುತ್ತದೆ. ರೋಗವಿರುವುದು ಬುಡದಲ್ಲಿ, ಎಲೆಗೆ ಹೊಡೆದ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ.

ನೀವು ಗಮನ ಕೊಡಬೇಕಾದದ್ದು ಆ ಗುಂಡುಗಳಿಗೆ. ಮೊದಲು ಬಿಳಿಯಾಗಿದ್ದು ಬಲಿತಂತೆ ಸಾಸಿವೆ ಕಾಳಿನ ಗಾತ್ರ ಮತ್ತು ಬಣ್ಣಕ್ಕೆ ತಿರುಗುವ ಇವು ಶಿಲೀಂಧ್ರದ ಸುಪ್ತ ರೂಪ. ಗಿಡ ಕಿತ್ತ ಮೇಲೂ ಮಣ್ಣಿನಲ್ಲಿ ಹಲವು ವರ್ಷ ಬದುಕಿದ್ದು, 25ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಿಶೇಷವಾಗಿ ಒಣಗಿದ ಮಣ್ಣು ಮತ್ತೆ ನೆನೆದಾಗ ಮೊಳೆಯುತ್ತವೆ. ಅರೆಕೊಳೆತ ಎಲೆ, ಕಡ್ಡಿಗಳು ಅದಕ್ಕೆ ಮೊದಲ ಆಹಾರವಾಗುತ್ತವೆ. ಆದ್ದರಿಂದ ಹಸಿ ಗೊಬ್ಬರವನ್ನಾಗಲಿ ತರಗೆಲೆಯನ್ನಾಗಲಿ ಕಾಂಡಕ್ಕೆ ತಾಗುವಂತೆ ಹಾಕಬೇಡಿ. ಬುಡಕ್ಕೆ ಮಣ್ಣು ಏರಿಸುವ ರೂಢಿಯನ್ನೂ ಈ ಮಡಿಯಲ್ಲಿ ಬಿಡುವುದು ಒಳ್ಳೆಯದು.

ಮಣ್ಣು ಬದಲಾಯಿಸುವ ಅಗತ್ಯವಿಲ್ಲ. ರೋಗದ ಗಿಡವನ್ನು ಸುತ್ತಲಿನ ಮೇಲ್ಮಣ್ಣಿನ ಸಮೇತ ಎತ್ತಿ ಚೀಲಕ್ಕೆ ಹಾಕಿ ಹೊರಗೆ ಸಾಗಿಸಿ. ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ಆ ಗುಂಡುಗಳನ್ನೇ ತೋಟಕ್ಕೆಲ್ಲ ಹರಡಿದಂತಾಗಬಹುದು. ಗುದ್ದಲಿಗೆ ಅಂಟಿದ ಮಣ್ಣನ್ನೂ ತೊಳೆಯಿರಿ. ಈ ಶಿಲೀಂಧ್ರಕ್ಕೆ ಗಾಳಿ ಬೇಕು, ಹಾಗಾಗಿ ಮೇಲ್ಮಣ್ಣನ್ನು 20ರಿಂದ 30 ಸೆಂಟಿಮೀಟರ್ ಆಳಕ್ಕೆ ಮಗುಚಿ ಹೂತರೆ ಅದರ ಬಲ ಕುಗ್ಗುತ್ತದೆ. ಆದರೆ ಮರು ಹಂಗಾಮಿನಲ್ಲಿ ಅದೇ ಆಳಕ್ಕೆ ಅಗೆದು ಅದನ್ನು ಮೇಲೆ ತರಬಾರದು. ಕಡು ಬಿಸಿಲಿನ ಕಾಲದಲ್ಲಿ ಮಡಿಯನ್ನು ಚೆನ್ನಾಗಿ ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ 4ರಿಂದ 6 ವಾರ ಬಿಡುವುದು ಸಣ್ಣ ತೋಟಕ್ಕೆ ನಾನು ಮೊದಲು ಸೂಚಿಸುವ ಉಪಾಯ. 50 ಡಿಗ್ರಿ ಶಾಖ ಕೆಲವು ಗಂಟೆ ತಗುಲಿದರೆ ಗುಂಡುಗಳು ಸಾಯುತ್ತವೆ.

ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾವನ್ನು ಪೂರ್ತಿ ಕೊಳೆತ ಗೊಬ್ಬರದಲ್ಲಿ ಬೆರೆಸಿ ನಾಟಿಗೆ ಮುಂಚೆಯೇ ಕೊಡಬೇಕು. ಬಾಡಿದ ಗಿಡವನ್ನು ಅದು ಉಳಿಸುವುದಿಲ್ಲ, ಮತ್ತು ಅಂಥ ಗಿಡಕ್ಕೆ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಒಂದೆರಡು ಹಂಗಾಮು ಅಲ್ಲಿ ಮುಸುಕಿನ ಜೋಳದಂಥ ಏಕದಳ ಬೆಳೆ ಹಾಕಿ. ಇವುಗಳಿಗೆ ರೋಗದ ಬಾಧೆ ಕಡಿಮೆ. ಮಣ್ಣು ಹುಳಿಯಾಗಿದ್ದರೆ ರೋಗಕ್ಕೆ ಅನುಕೂಲ, ಆದರೆ ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ.

ಪ್ರಶ್ನೆ: ನಮ್ಮ ಬದನೆ ಗಿಡಗಳೂ ಬಾಡುತ್ತಿವೆ, ಆದರೆ ಬುಡದಲ್ಲಿ ಬೂಷ್ಟಿಲ್ಲ. ಇದೂ ಅದೇ ರೋಗವೇ?

ಉತ್ತರ: ಬಹುಶಃ ಅಲ್ಲ. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ತುಂಡಿನ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಇಳಿಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದಿಂದ ಬಂದ ಸೊರಗು ರೋಗ, ಅದಕ್ಕೆ ಶಿಲೀಂಧ್ರನಾಶಕ ಕೆಲಸ ಮಾಡುವುದಿಲ್ಲ. ಎಳೆಗಳು ಕಾಣದೆ, ಸೀಳಿದ ಕಾಂಡದ ಒಳಗೆ ಕಂದು ಗೆರೆಗಳಿದ್ದರೆ ಫ್ಯುಸೇರಿಯಂ ಅಥವಾ ವರ್ಟಿಸಿಲಿಯಂ ಶಿಲೀಂಧ್ರವನ್ನು ಶಂಕಿಸಬೇಕು. ಇವೆರಡನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟವಾದ್ದರಿಂದ, ಬೇರು ಸಮೇತ ಒಂದು ಗಿಡವನ್ನು ಸಸ್ಯರೋಗ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿಕೊಳ್ಳಿ.