ಸಾಲಿನಲ್ಲಿ ನಿಂತ ಮಗು ಆಡುತ್ತಿಲ್ಲ

ಓದುಗರ ಪತ್ರ: ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ನಮ್ಮದು. 9ರಿಂದ 15 ವಯಸ್ಸಿನ 40 ಮಕ್ಕಳಿದ್ದಾರೆ, ನಾವು ಮೂವರು. ದಿನಾ ಒಂದು ಗಂಟೆ ಆಡಿಸುತ್ತೇವೆ. ವ್ಯಾಯಾಮ ಮತ್ತು ಒಳ್ಳೆಯ ಆಹಾರದ ಬಗ್ಗೆ ಆರು ತಿಂಗಳು ವಾರಕ್ಕೊಂದು ಪಾಠ ಮಾಡಿದೆವು. ಗೋಡೆಗೆ ಬಣ್ಣದ ಚಾರ್ಟ್ ಹಾಕಿದೆವು. ಮಕ್ಕಳು ಆ ಚಾರ್ಟಿನ ಕೆಳಗೇ ಕೂತು ಸಿಹಿ ಪಾನೀಯ ಕುಡಿಯುತ್ತಾರೆ. ದೊಡ್ಡ ಹುಡುಗಿಯರಂತೂ ಆಟಕ್ಕೆ ಬರುವುದೇ ಇಲ್ಲ, ಅವರಿಗೆ ಆಸಕ್ತಿ ಇಲ್ಲ. ತಿಂಗಳಿಗೊಮ್ಮೆ ತೂಕ ನೋಡಿ, ಇಳಿಸಿಕೊಂಡವರಿಗೆ ಬಹುಮಾನ ಕೊಡೋಣ ಅಂದುಕೊಂಡಿದ್ದೇವೆ. ಹೋಮ್‌ವರ್ಕ್ ಸಮಯ ಆಟಕ್ಕೆ ಹೋಗುತ್ತಿದೆ ಎಂದು ಪಾಲಕರ ತಕರಾರು ಬೇರೆ. ಏನು ಮಾಡೋಣ? (ಹೆಸರು ಬೇಡ)

ಸಂಪಾದಕರ ಉತ್ತರ:

ಮೊದಲು ಆ ತೂಕದ ಯಂತ್ರವನ್ನು ಒಳಗಿಡಿ. ಇನ್ನೂ ಕೊಂಡಿಲ್ಲವಾದರೆ ಮತ್ತೂ ಒಳ್ಳೆಯದು.

ನಮಸ್ಕಾರ ಕೂಡ ಹೇಳದೆ ಹೀಗೆ ಶುರು ಮಾಡಿದ್ದಕ್ಕೆ ಕ್ಷಮೆ ಇರಲಿ. ನಿಮ್ಮ ಪತ್ರದಲ್ಲಿರುವ ಬೇರೆ ಎಲ್ಲವನ್ನೂ ನಿಧಾನವಾಗಿ ಸರಿಮಾಡಬಹುದು. ಇದೊಂದು ಮಾತ್ರ ಆಗಿಹೋದ ಮೇಲೆ ವಾಪಸ್ ಪಡೆಯಲು ಬರುವುದಿಲ್ಲ. ಎಲ್ಲರ ಎದುರು ಯಂತ್ರ ಹತ್ತಿದ ಮಗು ಆ ಸಂಖ್ಯೆಯನ್ನು ಮರೆಯುವುದಿಲ್ಲ. ಪಕ್ಕದಲ್ಲಿ ಇಣುಕಿ ನೋಡಿದವರಿಗೆ ಒಂದು ಅಡ್ಡಹೆಸರು ಸಿಕ್ಕಿರುತ್ತದೆ, ಅದು ವರ್ಷಗಟ್ಟಲೆ ಓಡುತ್ತದೆ.

ಮಕ್ಕಳ ಮೈ ಒಂದೇ ಸಮ ಬೆಳೆಯುವುದಿಲ್ಲ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಸರ್ರನೆ ಉದ್ದವಾಗುತ್ತಾರೆ. ಅದಕ್ಕೂ ಮುಂಚೆ ಒಂದಿಷ್ಟು ಮೈ ತುಂಬಿಕೊಳ್ಳುವುದೂ ಉಂಟು. 9ರಿಂದ 15 ಅಂದರೆ ಸರಿಯಾಗಿ ಈ ಗಲಾಟೆಯ ವಯಸ್ಸು. ಆಗ ತೂಕ ಏರಲೇಬೇಕು. ಸರಿಯಾಗಿ ಬೆಳೆಯುತ್ತಿರುವ ಮಗುವಿಗೆ 'ನೀನು ಸೋತೆ' ಎನ್ನುವ ಪಂದ್ಯವನ್ನು ನೀವು ಹೂಡಲು ಹೊರಟಿದ್ದೀರಿ. ದೊಡ್ಡವರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) ಪಟ್ಟಿ ಕೂಡ ಮಕ್ಕಳಿಗೆ ಒಪ್ಪುವುದಿಲ್ಲ. ವಯಸ್ಸು ಎಷ್ಟು, ಗಂಡೋ ಹೆಣ್ಣೋ ಎಂದು ಸೇರಿಸಿ ನೋಡಬೇಕು. ಅದು ವೈದ್ಯರು ಬಾಗಿಲು ಹಾಕಿಕೊಂಡು ಮಾಡುವ ಕೆಲಸ.

ಬಹುಮಾನದ ವಿಷಯಕ್ಕೂ ಒಂದು ಹಳೆಯ ಕಥೆಯಿದೆ. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಅವರ ಜೊತೆಯವರು 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ 'ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಮಕ್ಕಳು ಬಿಡಿಸಿದರು, ಪತ್ರ ತೆಗೆದುಕೊಂಡರು. ಕೆಲವು ದಿನ ಬಿಟ್ಟು ಅದೇ ಬಣ್ಣದ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದರೆ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಹತ್ತಿರಹತ್ತಿರ ಅರ್ಧದಷ್ಟು. ಇಷ್ಟದ ಆಟ ಕೂಲಿಯಾಗಿಬಿಟ್ಟಿತ್ತು. ಓಡುವುದು ಮಕ್ಕಳಿಗೆ ಹೇಗೂ ಇಷ್ಟ. ಅದಕ್ಕೆ ಸಂಬಳ ಕೊಟ್ಟು ಕೆಡಿಸಬೇಡಿ.

ಈಗ ನಿಮ್ಮ ಆಟದ ಹೊತ್ತಿಗೆ ಬರೋಣ. 'ದಿನಾ ಒಂದು ಗಂಟೆ ಆಡಿಸುತ್ತೇವೆ' ಎಂದು ಬರೆದಿದ್ದೀರಿ. ಖುಷಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆಯೂ ಅದೇ. 5ರಿಂದ 17ರವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಮೈ ಆಡಿಸಬೇಕು. ವಾರದಲ್ಲಿ ಮೂರು ದಿನವಾದರೂ ಜೋರಿನ ಓಟ, ಮೂಳೆ-ಸ್ನಾಯುಗಳಿಗೆ ಕೆಲಸ ಕೊಡುವ ಜಿಗಿತ, ಹತ್ತುವುದು, ಎಳೆಯುವುದು ಇರಬೇಕು. ಆದರೆ ನಿಮ್ಮ ಒಂದು ಗಂಟೆಯಲ್ಲಿ ಒಂದು ಮಗು ನಿಜವಾಗಿ ಎಷ್ಟು ನಿಮಿಷ ಓಡುತ್ತದೆ?

ನಾಳೆಯೇ ಎಣಿಸಿ ನೋಡಿ. ಒಂದು ಮಗುವನ್ನು ಮನಸ್ಸಿನಲ್ಲೇ ಆರಿಸಿಕೊಳ್ಳಿ, ಅದಕ್ಕೆ ಗೊತ್ತಾಗಬಾರದು. ಹತ್ತು ನಿಮಿಷ ಅದನ್ನೇ ನೋಡಿ. ಓಡಾಡುತ್ತಿದ್ದರೆ ಗಡಿಯಾರ ಓಡಲಿ, ನಿಂತರೆ ನಿಲ್ಲಿಸಿ. ಆಮೇಲೆ ಇನ್ನೊಂದು ಮಗು. ಚೆನ್ನಾಗಿ ಆಡುವ ಹುಡುಗನನ್ನು ಆರಿಸಬೇಡಿ, ಮೂಲೆಯಲ್ಲಿರುವವನನ್ನು ಆರಿಸಿ. ನಾನು ಪಂದ್ಯ ಕಟ್ಟುವವನಲ್ಲ, ಆದರೂ ಹೇಳುತ್ತೇನೆ: ಹತ್ತರಲ್ಲಿ ನಾಲ್ಕು ನಿಮಿಷ ಬಂದರೆ ಜಾಸ್ತಿ.

ಯಾಕೆಂದರೆ ಮಕ್ಕಳು ಸಾಲಿನಲ್ಲಿ ನಿಂತಿರುತ್ತಾರೆ. ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಔಟಾಗಿ ಕೂತಿರುತ್ತಾರೆ. ಒಂದೇ ಚೆಂಡಿನ ಹಿಂದೆ ಇಪ್ಪತ್ತು ಜನ ಇದ್ದರೆ ಚೆಂಡು ಸಿಗುವುದು ಚೆನ್ನಾಗಿ ಆಡುವ ಮೂರ್ನಾಲ್ಕು ಮಕ್ಕಳಿಗೇ. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೈಕಲ್ ಬೀಟ್ಸ್ ಮತ್ತು ಸಂಗಡಿಗರು ಇಂಥ ಸಂಜೆ ಕೇಂದ್ರಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರ ಸಲಹೆಯಲ್ಲಿ ಹೊಸ ಆಟವೇ ಇಲ್ಲ. ಇರುವ ಆಟವನ್ನೇ ರಿಪೇರಿ ಮಾಡಿ ಅನ್ನುತ್ತಾರೆ. ಸಾಲು ತೆಗೆಯಿರಿ. ಔಟ್ ಮಾಡುವುದು ತೆಗೆಯಿರಿ. ತಂಡ ಚಿಕ್ಕದು ಮಾಡಿ. ಮಕ್ಕಳಿರಲಿ, ನೋಡಿಕೊಳ್ಳುವ ದೊಡ್ಡವರಿರಲಿ, ಯಾರೂ ಸುಮ್ಮನೆ ನಿಲ್ಲದಂತೆ ನೋಡಿಕೊಳ್ಳಿ. ಜಾಗ, ಸಾಮಾನು, ನಿಯಮಗಳನ್ನು ಅದಕ್ಕೆ ತಕ್ಕಂತೆ ಬದಲಿಸಿ. ಇಷ್ಟೇ.

ಔಟ್ ಆಗುವುದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಸಿಟ್ಟಿದೆ, ಒಪ್ಪಿಕೊಳ್ಳುತ್ತೇನೆ. ಚಿಕ್ಕವನಿದ್ದಾಗ ಎಲ್ಲ ಆಟದಲ್ಲೂ ಮೊದಲು ಔಟಾಗುತ್ತಿದ್ದವನು ನಾನೇ. ಆಟದ ಪೀರಿಯಡ್ಡಿನ ಬಹುಪಾಲು ನನಗೆ ನೆನಪಿರುವುದು ಕಟ್ಟೆಯ ಮೇಲೆ ಕೂತು ನೋಡಿದ ಬೇರೆಯವರ ಕಾಲುಗಳು. ಓಟ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಮೊದಲು ಕೂರಿಸುವ ಏರ್ಪಾಡು ಅದು! ಮುಟ್ಟಾಟವನ್ನೇ ತೆಗೆದುಕೊಳ್ಳಿ. ಸಿಕ್ಕಿಬಿದ್ದವನು ಹೊರಗೆ ಹೋಗುವ ಬದಲು ಹಿಡಿಯುವವರ ಗುಂಪಿಗೆ ಸೇರಲಿ. ಅಥವಾ ಐದು ಸಲ ಜಿಗಿದು ಮತ್ತೆ ಒಳಗೆ ಬರಲಿ. ಆಟದ ರುಚಿಯೂ ಕೆಡುವುದಿಲ್ಲ, ಕಟ್ಟೆಯೂ ಖಾಲಿ. ಇಪ್ಪತ್ತು-ಇಪ್ಪತ್ತರ ಎರಡು ತಂಡದ ಬದಲು ಐದೈದರ ಎಂಟು ತಂಡ ಮಾಡಿ, ನಾಲ್ಕು ಚೆಂಡು ಬಿಡಿ. ನೀವು ಮೂವರೇ ಇರುವುದರಿಂದ 14-15ರ ಮಕ್ಕಳಿಗೆ ಸೀಟಿ ಕೊಡಿ. ಸೀಟಿ ಕೈಗೆ ಬಂದರೆ ಆ ವಯಸ್ಸಿನವರು ಹೇಗೆ ಬದಲಾಗುತ್ತಾರೆ ನೋಡಿ, ತಮಾಷೆಯಾಗಿರುತ್ತದೆ.

ಇನ್ನೊಂದು. ತಪ್ಪು ಮಾಡಿದವರಿಗೆ 'ಎರಡು ಸುತ್ತು ಓಡು' ಎನ್ನುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ಬಿಡಿ. ಓಟ ಶಿಕ್ಷೆ ಎಂದು ಕಲಿಸಿ, ಆಮೇಲೆ ಓಟ ಒಳ್ಳೆಯದು ಎಂದರೆ ಯಾರು ನಂಬುತ್ತಾರೆ?

ದೊಡ್ಡ ಹುಡುಗಿಯರ ಬಗ್ಗೆ ನೀವು ಬರೆದ ಒಂದೇ ಸಾಲು ನನಗೆ ಇಡೀ ಪತ್ರಕ್ಕಿಂತ ಮುಖ್ಯ ಅನಿಸಿತು. ಇದು ನಿಮ್ಮ ಕೇಂದ್ರದ್ದೊಂದೇ ಕಥೆಯಲ್ಲ. 2016ರ ಜಾಗತಿಕ ಅಂಕಿ ಪ್ರಕಾರ 11ರಿಂದ 17ರ ಹುಡುಗಿಯರಲ್ಲಿ 85 ಪ್ರತಿಶತ, ಹುಡುಗರಲ್ಲಿ 78 ಪ್ರತಿಶತ ಮಂದಿಗೆ ಆ ದಿನದ 60 ನಿಮಿಷ ಸಿಗುತ್ತಿರಲಿಲ್ಲ. ಹುಡುಗರದ್ದೂ ಹೇಳಿಕೊಳ್ಳುವಂಥದ್ದೇನಲ್ಲ ಅನ್ನಿ. 'ಅವರಿಗೆ ಆಸಕ್ತಿ ಇಲ್ಲ' ಎಂದಿದ್ದೀರಿ. ಕೇಳಿದ್ದೀರಾ? ಬಟ್ಟೆ ಓಡಲು ಆಗುವಂಥದ್ದಲ್ಲದಿರಬಹುದು. ಮುಟ್ಟಿನ ದಿನಗಳಲ್ಲಿ ಬಳಸಲು ಶೌಚಾಲಯ ಸರಿಯಿಲ್ಲದಿರಬಹುದು. ಬಾಗಿಲಲ್ಲಿ ನಿಂತು ನೋಡುವವರು ಇರಬಹುದು. ಹುಡುಗರು ಚೆಂಡು ಕೊಡುತ್ತಿಲ್ಲದಿರಬಹುದು. ಇದರಲ್ಲಿ ಯಾವುದೂ ಆಸಕ್ತಿಯ ಸಮಸ್ಯೆ ಅಲ್ಲ, ಅಲ್ವಾ? ನಿಮ್ಮಲ್ಲಿ ಅವರು ಮಾತಾಡುವಂಥ ಒಬ್ಬರು ಅವರ ಜೊತೆ ಕೂತು ಕೇಳಲಿ. ಕುಣಿತ ಬೇಕು ಅಂದರೆ ಕುಣಿತ, ಹಗ್ಗದಾಟ ಅಂದರೆ ಹಗ್ಗದಾಟ. ಮಾತಾಡುತ್ತಾ ಚುರುಕಾಗಿ ನಡೆಯುತ್ತೇವೆ ಅಂದರೆ ಅದೂ ಲೆಕ್ಕಕ್ಕೆ ಬರುತ್ತದೆ. ವಾರದಲ್ಲಿ ಎರಡು ದಿನ ಅಂಗಳದ ಅರ್ಧ ಅವರದೇ ಆಗಿರಲಿ. ಹುಡುಗರು ಗೊಣಗುತ್ತಾರೆ. ಗೊಣಗಲಿ.

ಇನ್ನು ತಿನ್ನುವ ವಿಷಯ. ಮಕ್ಕಳು ನಿಮ್ಮಲ್ಲಿಗೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟ ಕರಗಿ ಹೋಗಿರುತ್ತದೆ. ಹಸಿದ ಮಗುವಿಗೆ ಪಾಠ ಕೇಳಿಸುವುದಿಲ್ಲ. ಕೈಗೆ ಮೊದಲು ಸಿಕ್ಕಿದ್ದನ್ನು ತಿನ್ನುತ್ತದೆ. ಹಾಗಾಗಿ ಮೊದಲು ಸಿಗುವುದೇನು ಎಂಬುದನ್ನು ನೀವು ತೀರ್ಮಾನಿಸಿ. ಬಾಗಿಲು ದಾಟಿದ ಕೂಡಲೇ ಹೆಚ್ಚಿಟ್ಟ ಹಣ್ಣು, ನೀರು, ಹೊಟ್ಟೆಗೆ ನಿಲ್ಲುವ ಒಂದಿಷ್ಟು ಕಾಳು ಇರಲಿ. ಹೆಚ್ಚಿಟ್ಟ ಎಂದು ಬೇಕೆಂದೇ ಬರೆದೆ. ಇಡೀ ಹಣ್ಣು ಬುಟ್ಟಿಯಲ್ಲೇ ಉಳಿಯುತ್ತದೆ, ಹೋಳು ಮಾಡಿದ್ದು ಖಾಲಿಯಾಗುತ್ತದೆ.

ಒತ್ತಾಯ ಮಾತ್ರ ಬೇಡ. ಮಕ್ಕಳ ಊಟದ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಲೀಆನ್ ಬರ್ಚ್ ಅವರ ತಂಡ 2006ರಲ್ಲಿ ಒಂದು ಸೂಪಿನ ಪ್ರಯೋಗ ಪ್ರಕಟಿಸಿತು. 'ಸೂಪ್ ಮುಗಿಸು' ಎಂದು ಹೇಳಿಸಿಕೊಂಡ ಪುಟ್ಟ ಮಕ್ಕಳು ಆ ಸೂಪನ್ನು ಕಡಿಮೆ ಕುಡಿದರು, ಅದರ ಬಗ್ಗೆ ಕೆಟ್ಟದಾಗಿ ಮಾತಾಡಿದ್ದು ಜಾಸ್ತಿ. ಕಣ್ಣೆದುರೇ ಇಟ್ಟು 'ಮುಟ್ಟಬೇಡ' ಅಂದರೂ ಕೆಲಸ ಕೆಡುತ್ತದೆ. ಅದೇ ಬರ್ಚ್ 1999ರಲ್ಲಿ ಜೆನಿಫರ್ ಫಿಶರ್ ಜೊತೆ ತೋರಿಸಿದ್ದು ಇದನ್ನೇ: ಹಾಗೆ ತಡೆದ ತಿಂಡಿಯ ಮೇಲೇ ಮಕ್ಕಳ ಕಣ್ಣು, ಅದರದೇ ಮಾತು. ಹೊಸ ತರಕಾರಿಯ ರುಚಿ ಒಗ್ಗಲು ಎಂಟು-ಹತ್ತು ಸಲವಾದರೂ ಬಾಯಿಗೆ ಬೀಳಬೇಕು, ಕೆಲವರಿಗೆ ಇನ್ನೂ ಹೆಚ್ಚು. ನಾವು ಮೂರನೇ ಸಲಕ್ಕೇ 'ಇವರಿಗೆ ಇದು ಸೇರಲ್ಲ' ಎಂದು ಕೈಬಿಡುತ್ತೇವೆ.

ಆ ಸಿಹಿ ಪಾನೀಯಕ್ಕೆ ಬರುತ್ತೇನೆ. 330 ಮಿಲಿಯ ಒಂದು ಸಾಮಾನ್ಯ ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಚಮಚದ ಲೆಕ್ಕದಲ್ಲಿ ಎಂಟೊಂಬತ್ತು. ಬೇರೆ ಆಹಾರಕ್ಕೆ ಸೇರಿಸಿದ ಸಕ್ಕರೆಯನ್ನೂ ಕೂಡಿಸಿ, ದಿನದ ಒಟ್ಟು ಶಕ್ತಿಯಲ್ಲಿ ಅದು 10 ಪ್ರತಿಶತ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ದಿನಕ್ಕೆ 1600 ಕ್ಯಾಲೊರಿ ಬೇಕಾದ ಮಗುವಿಗೆ ಅದು 40 ಗ್ರಾಂ. ಒಂದು ಡಬ್ಬಿಗೇ ಹತ್ತಿರಹತ್ತಿರ ಮುಗಿಯಿತು. ಇದನ್ನು ಪಾಠ ಮಾಡಬೇಡಿ. ಒಂದು ಸಂಜೆ ಖಾಲಿ ಲೋಟ, ಸಕ್ಕರೆ, ಚಮಚ ಕೊಟ್ಟು ಮಕ್ಕಳೇ ಅಳೆದು ಹಾಕಲಿ. ನೀವು ಬಾಯಿ ಮುಚ್ಚಿಕೊಂಡಿರಿ. ಅದೇ ಕಷ್ಟ, ಗೊತ್ತು.

ನಿಯಮ ಒಂದೇ ಇರಲಿ: ಈ ಬಾಗಿಲೊಳಗೆ ಎಲ್ಲರಿಗೂ ನೀರು. ಮೇಜಿನ ಮೇಲೆ ಇಲ್ಲದ್ದಕ್ಕೆ ಜಗಳವೂ ಕಡಿಮೆ. ಒಂದು ಗಂಟೆಯ ಆಟಕ್ಕೆ ನೀರು ಸಾಕು, ಕ್ರೀಡಾ ಪಾನೀಯದ ಜಾಹೀರಾತು ಏನೇ ಹೇಳಲಿ. ಕೆಫೀನ್ ಇರುವ ಎನರ್ಜಿ ಡ್ರಿಂಕ್ ಅಂತೂ ಮಕ್ಕಳಿಗೆ ಬೇಡವೇ ಬೇಡ. 'ಎಲ್ಲರಿಗೂ' ಎಂದರೆ ನಿಮಗೂ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬುದನ್ನು ಮಕ್ಕಳಷ್ಟು ಬೇಗ ಕಂಡುಹಿಡಿಯುವವರು ಇಲ್ಲ. ಮೂವರಲ್ಲಿ ಒಬ್ಬರು ಫೋನ್ ನೋಡುತ್ತಾ ಬಾಟಲಿ ಹಿಡಿದು ಕೂತರೆ ನಿಮ್ಮ ಆರು ತಿಂಗಳ ಪಾಠ ಅಲ್ಲಿಗೆ ಮುಗಿಯಿತು.

ಪಾಲಕರಿಗೆ ಹೇಳಲು ನಿಮ್ಮ ಕೈಯಲ್ಲಿ ಒಳ್ಳೆಯ ಸಾಕ್ಷಿ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್ಮನ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದ್ದೇ ಸಂಜೆಯ ಕಾರ್ಯಕ್ರಮದ ಮೇಲೆ ನಡೆದದ್ದು. 7ರಿಂದ 9 ವಯಸ್ಸಿನ 221 ಮಕ್ಕಳು. ಅರ್ಧದಷ್ಟು ಮಕ್ಕಳು ಒಂಬತ್ತು ತಿಂಗಳು, ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಕಾರ್ಯಕ್ರಮಕ್ಕೆ ಬಂದರು. ಉಳಿದವರು ಕಾಯುವ ಪಟ್ಟಿಯಲ್ಲಿದ್ದರು. ಕೊನೆಗೆ ಗಮನ ಚದುರದಂತೆ ಹಿಡಿದಿಡುವುದರಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವುದರಲ್ಲಿ ಆಡಿದ ಮಕ್ಕಳು ಹೆಚ್ಚು ಸುಧಾರಿಸಿದ್ದರು. ನಿಮ್ಮ ಮಕ್ಕಳು ವಯಸ್ಸಿನಲ್ಲಿ ದೊಡ್ಡವರು, ಅಂಕ ಏರುತ್ತದೆ ಎಂದು ಮಾತು ಕೊಡಬೇಡಿ. ಕ್ರಮ ಬದಲಿಸಿ ನೋಡಿ: ಮೊದಲು ತಿಂಡಿ, ಆಮೇಲೆ ಆಟ, ಕೊನೆಗೆ ಹೋಮ್‌ವರ್ಕ್. ಇಡೀ ದಿನ ಕೂತು ಬಂದವರನ್ನು ಮತ್ತೆ ಕೂರಿಸುವುದಕ್ಕಿಂತ ಬೇಗ ಮುಗಿಯುತ್ತದೆ ಎಂದು ನನ್ನ ಅಂದಾಜು. ಒಂದು ತಿಂಗಳು ಮಾಡಿ, ತಕರಾರು ಹೇಳಿದ ಪಾಲಕರನ್ನೇ ಒಂದು ಸಂಜೆ ಕರೆಯಿರಿ. ಸುಮ್ನೆ ನೋಡಲು ಅಲ್ಲ, ಐದೈದರ ತಂಡಕ್ಕೆ ಜನ ಕಡಿಮೆ ಬಿದ್ದಿದ್ದಾರೆ ಎಂದು.

ಆ ಬಣ್ಣದ ಚಾರ್ಟನ್ನು ಎಸೆಯಬೇಡಿ. ಅದರ ಹಿಂಬದಿ ಬಿಳಿ ಇರುತ್ತದೆ. ಎಂಟು ತಂಡಗಳ ಹೆಸರು ಬರೆಯಲು ಜಾಗ ಬೇಕಾಗುತ್ತದೆ.