ತೊಳೆಯದೆ ಎಂ-ಸ್ಯಾಂಡ್ ಮಾಡಿದರೆ ಪರೀಕ್ಷೆಯಲ್ಲಿ ಪಾಸಾಗುತ್ತದೆಯೇ?

ಗೌರಿಬಿದನೂರು ಕಡೆ ಜಲ್ಲಿ ಕ್ರಷರ್ ಇದೆ, ಬೋರ್‌ವೆಲ್ ಬತ್ತಿದೆ, ನೀರಿನಲ್ಲಿ ತೊಳೆಯದೆ ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡುವ ಮರಳು) ಮಾಡಬಹುದಾ, ಅದು ನಿಜಕ್ಕೂ ಪರಿಸರಕ್ಕೆ ಒಳ್ಳೆಯದಾ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಈಗ ನಿಮ್ಮ ಜರಡಿಯ ಕೆಳಗೆ ಬೀಳುತ್ತಿರುವ ಡಸ್ಟನ್ನೇ ಎಂ-ಸ್ಯಾಂಡ್ ಅಂತ ಲೋಡ್ ಮಾಡಿದರೆ ಅದು ಮರಳಲ್ಲ, ಕ್ರಷರ್ ಪುಡಿ ಅಷ್ಟೆ.

ಮೊದಲ ಹಂತದ ಜಾ, ಅದರ ನಂತರದ ಕೋನ್ ಕ್ರಷರ್‌ಗಳು ಕಲ್ಲನ್ನು ಅದುಮಿ ಒಡೆಯುತ್ತವೆ. ಹಾಗೆ ಒಡೆದ ಸಣ್ಣ ಕಣಗಳು ಚಪ್ಪಟೆಯಾಗಿ, ಸೂಜಿಯ ಹಾಗೆ ಬರುತ್ತವೆ; ಕಾಂಕ್ರೀಟ್ ಒರಟಾಗುತ್ತದೆ, ನೀರು ಹೆಚ್ಚು ಕೇಳುತ್ತದೆ. ಆದ್ದರಿಂದ ಕೋನ್ ಆದಮೇಲೆ ವಿಎಸ್‌ಐ (ವೇಗವಾಗಿ ತಿರುಗುವ ರೋಟರಿನಿಂದ ಕಲ್ಲನ್ನು ಎಸೆಯುವ ಕ್ರಷರ್) ಬೇಕೇ ಬೇಕು. ಅದರೊಳಗೆ ಕಲ್ಲನ್ನು ಕಲ್ಲಿಗೇ ಎಸೆದು ಒಡೆಯುವುದರಿಂದ ಮೂಲೆಗಳು ಸವೆದು ಕಣ ದುಂಡಗಾಗುತ್ತದೆ. ಮರಳಿಗೆ ರೋಟರ್ ತುದಿಯ ವೇಗ ಸೆಕೆಂಡಿಗೆ 60ರಿಂದ 70 ಮೀಟರ್ ಇರಬೇಕು. ಅದಕ್ಕಿಂತ ಏರಿಸಿದರೆ ಮರಳಿಗಿಂತ ಹಿಟ್ಟೇ (ಕಲ್ಲಿನ ನುಣ್ಣನೆ ಪುಡಿ) ಜಾಸ್ತಿಯಾಗುತ್ತದೆ, ರೋಟರ್ ಟಿಪ್ ಬೇಗ ಸವೆಯುತ್ತದೆ. ಒಂದೇ ಸುತ್ತಿನಲ್ಲಿ ಎಲ್ಲವೂ ಮರಳಾಗುವುದಿಲ್ಲ. ಜರಡಿಯ ಮೇಲೆ ಉಳಿದ ದಪ್ಪ ಕಲ್ಲು ಮತ್ತೆ ವಿಎಸ್‌ಐಗೆ ಹೋಗುತ್ತದೆ. ಈ ಮರುಸುತ್ತಿನ ತೂಕ ಲೆಕ್ಕಕ್ಕೆ ಹಿಡಿಯದೆ ಬೆಲ್ಟ್, ಜರಡಿ ಕೊಂಡವರಿಗೆ ಜರಡಿ ತುಂಬಿ ಹರಿಯುತ್ತದೆ.

ನೀರಿನ ಬದಲು ಗಾಳಿಯಿಂದ ಹಿಟ್ಟು ತೆಗೆಯುವ ಒಣ ವಿಧಾನದ ಜೀವ ಇರುವುದು ತೇವಾಂಶದಲ್ಲಿ. ವಿಎಸ್‌ಐಗೆ ಹೋಗುವ ಕಲ್ಲಿನಲ್ಲಿ ತೇವ 2 ಶೇಕಡಾ, ಅಂದರೆ ಟನ್ನಿಗೆ 20 ಲೀಟರ್ ದಾಟಿದರೆ ಹಿಟ್ಟು ಮರಳಿಗೆ ಅಂಟಿಕೊಳ್ಳುತ್ತದೆ, ಜರಡಿಯ ಕಣ್ಣು ಮುಚ್ಚುತ್ತದೆ, ಗಾಳಿ ಏನನ್ನೂ ಬೇರ್ಪಡಿಸಲಾರದು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜೋರು. ದುಡ್ಡು ಕಡಿಮೆ ಇದ್ದರೆ ತಯಾರಾದ ಮರಳಿಗಿಂತ ಮೊದಲು ವಿಎಸ್‌ಐಗೆ ಹೋಗುವ ಕಲ್ಲಿನ ರಾಶಿಗೆ ಶೆಡ್ ಹಾಕಿ. ಇನ್ನೊಂದು ವಿಷಯ ಅನೇಕರಿಗೆ ಹೊಳೆಯುವುದಿಲ್ಲ: ಧೂಳು ಏಳಬಾರದೆಂದು ಜಾ ಹತ್ತಿರ ಧಾರಾಳವಾಗಿ ಸಿಂಪಡಿಸುವ ನೀರೇ ಮುಂದೆ ಜರಡಿ ಕಟ್ಟಿಸುತ್ತದೆ. ಕೋನ್‌ನಿಂದ ಮುಂದಕ್ಕೆ ಸಿಂಪಡಣೆ ಬಿಟ್ಟು, ಬೆಲ್ಟಿಗೆ ಮುಚ್ಚಳ, ಕಲ್ಲು ಬೀಳುವ ಕಡೆಯಲ್ಲೆಲ್ಲ ಗಾಳಿ ಎಳೆಯುವ ಹುಡ್ ಕೂಡಿಸಿ.

ಈಗ ಹಿಟ್ಟಿನ ಮಾತು. ಕಾಂಕ್ರೀಟಿನ ಜಲ್ಲಿ, ಮರಳಿನ ಭಾರತೀಯ ಮಾನದಂಡವಾದ ಐಎಸ್ 383:2016ರ ಪ್ರಕಾರ ಒಡೆದ ಕಲ್ಲಿನ ಮರಳಿನಲ್ಲಿ 75 ಮೈಕ್ರಾನ್‌ಗಿಂತ (1000 ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಸಣ್ಣದು 15 ಶೇಕಡಾವರೆಗೆ ಇರಬಹುದು. 150 ಮೈಕ್ರಾನ್ ಜರಡಿಯಲ್ಲಿ ಇಳಿಯುವುದು 20 ಶೇಕಡಾವರೆಗೆ. ಗಾಳಿಯಿಂದ ತೆಗೆಯದೆ ಬಿಟ್ಟರೆ ಈ ಮಿತಿ ದಾಟುವುದು ಸಾಮಾನ್ಯ. ಹಾಗೆಂದು ಹಿಟ್ಟನ್ನೆಲ್ಲ ತೆಗೆಯಬೇಡಿ. ಕಲ್ಲಿನ ಹಿಟ್ಟು ಕಣಗಳ ನಡುವಿನ ಸಂದು ತುಂಬುತ್ತದೆ. ಪೂರ್ತಿ ಹೋದರೆ ಕಾಂಕ್ರೀಟಿನ ಮೇಲೆ ನೀರು ಉಕ್ಕುತ್ತದೆ, ಫಿನಿಶ್ ಕೂರುವುದಿಲ್ಲ. 75 ಮೈಕ್ರಾನ್‌ಗಿಂತ ಸಣ್ಣದು 7ರಿಂದ 10 ಶೇಕಡಾ ಉಳಿಯುವ ಹಾಗೆ ಕ್ಲಾಸಿಫೈಯರ್ (ಗಾಳಿಯಿಂದ ಹಿಟ್ಟು ಬೇರ್ಪಡಿಸುವ ಯಂತ್ರ) ಕೂಡಿಸುವುದು ಸರಿ ಅಂತ ನನ್ನ ಅಭಿಪ್ರಾಯ. ತೊಳೆಯುವಾಗ ನಮಗೆ ಬೇಕಾದ 150ರಿಂದ 300 ಮೈಕ್ರಾನಿನ ಕಣವೂ ನೀರಿನ ಜೊತೆ ಕೊಚ್ಚಿ ಹೋಗುತ್ತದೆ. ಗಾಳಿಯಲ್ಲಿ ಅದನ್ನು ಉಳಿಸಿಕೊಳ್ಳುವುದು ಸುಲಭ.

ಆದರೆ ಗಾಳಿಗೆ ಕಲ್ಲಿನ ಹಿಟ್ಟು ಯಾವುದು, ಜೇಡಿಮಣ್ಣು ಯಾವುದು ಗೊತ್ತಾಗುವುದಿಲ್ಲ. ಮಣ್ಣನ್ನು ಜಾ ಹಂತದಲ್ಲೇ ಜರಡಿ ಹಿಡಿದು ಹೊರಗೆ ಹಾಕಬೇಕು. ಅನುಮಾನ ಬಂದರೆ ಗಾಜಿನ ಬಾಟಲಿಯಲ್ಲಿ ಮರಳು, ನೀರು ಹಾಕಿ ಕುಲುಕಿ ಇಡಿ. ಕಲ್ಲಿನ ಹಿಟ್ಟು ಬಹುಪಾಲು ಅರ್ಧ ಗಂಟೆಯೊಳಗೆ ಬೂದು ಬಣ್ಣದಲ್ಲಿ ಕೂರುತ್ತದೆ. ಕೆಲವು ಗಂಟೆ ಕಳೆದರೂ ನೀರು ಕೆಂಪಗೆ ಕದಡಿಕೊಂಡಿದ್ದರೆ ಅದು ಮಣ್ಣು. ಲ್ಯಾಬಿನಲ್ಲಾದರೆ ಜೇಡಿಮಣ್ಣನ್ನು ಬಣ್ಣದಿಂದ ಪತ್ತೆಹಚ್ಚುವ ಮಿಥಿಲೀನ್ ಬ್ಲೂ ಪರೀಕ್ಷೆ ಮಾಡಿಸಿ.

ಘಟಕ ಕೆಡುವುದು ಹೆಚ್ಚಾಗಿ ಗಾಳಿ ಎಳೆದು ತಂದ ಹಿಟ್ಟನ್ನು ಬಟ್ಟೆ ಚೀಲಗಳಲ್ಲಿ ಹಿಡಿಯುವ ಬ್ಯಾಗ್ ಫಿಲ್ಟರಿನಿಂದ, ಅದೂ ಸದ್ದಿಲ್ಲದೆ. ಚೀಲ ಕಟ್ಟಿದರೆ ಗಾಳಿಯ ಎಳೆತ ಇಳಿಯುತ್ತದೆ, ತೆಗೆಯಬೇಕಾದ ಹಿಟ್ಟು ಮರಳಿನಲ್ಲೇ ಉಳಿಯುತ್ತದೆ. ಗ್ರಾಹಕರು ದೂರುವವರೆಗೂ ಯಾರಿಗೂ ತಿಳಿಯದು. ಪ್ರತಿ ಶಿಫ್ಟಿನಲ್ಲೂ ಚೀಲದ ಒಳಗೆ ಹೊರಗೆ ಗಾಳಿಯ ಒತ್ತಡದ ವ್ಯತ್ಯಾಸ ತೋರಿಸುವ ಗೇಜ್ ನೋಡಿ ಬರೆದಿಡಿ. 100ರಿಂದ 150 ಮಿಲಿಮೀಟರ್ ನೀರಿನ ಮಟ್ಟದ ಸುಮಾರಿನಲ್ಲಿದ್ದದ್ದು ಏರುತ್ತಲೇ ಹೋದರೆ ಚೀಲ ಕಟ್ಟುತ್ತಿದೆ ಅಂತ. ಚೀಲ ಕೊಡವುವ ಕಂಪ್ರೆಸರ್ ಗಾಳಿಯಲ್ಲಿ ನೀರಿದ್ದರೆ ಹಿಟ್ಟು ಚೀಲದ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ. ಏರ್ ಟ್ಯಾಂಕಿನ ನೀರನ್ನು ದಿನಾ ಬಿಡಿ. ಹಿಡಿದ ಹಿಟ್ಟು ಬಂದು ಬೀಳುವ ಹಾಪರ್ ಕೆಳಗಿನ ರೋಟರಿ ವಾಲ್ವ್ ಸವೆದು ಹೊರಗಿನ ಗಾಳಿ ಒಳಗೆ ಹೊಕ್ಕರೂ ಎಳೆತ ಸಾಯುತ್ತದೆ.

ಪರಿಸರದ ಪ್ರಶ್ನೆಗೆ ಉತ್ತರ ಇರುವುದು ಆ ಹಾಪರ್‌ನಲ್ಲೇ. ತೊಳೆಯದಿದ್ದರೆ ಕೆರೆಗೆ ಕೆಸರು ಹೋಗುವುದಿಲ್ಲ, ಅಂತರ್ಜಲ ಉಳಿಯುತ್ತದೆ, ಅದು ನಿಜ. ಆದರೆ 100 ಟನ್ ಕಲ್ಲಿನಲ್ಲಿ 10 ಟನ್ ಹಿಟ್ಟು ತೆಗೆದಿರೆಂದರೆ ಅದನ್ನು ಬಯಲಲ್ಲಿ ಸುರಿದರೆ ಪಕ್ಕದ ರಾಗಿ ಹೊಲ, ರೇಷ್ಮೆಯವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ಧೂಳು ಕೂತ ಸೊಪ್ಪನ್ನು ಹುಳುವಿಗೆ ಹಾಕಲಾಗುವುದಿಲ್ಲ. ಸಾಲಿಡ್ ಬ್ಲಾಕ್, ಪೇವರ್ ಮಾಡುವವರಿಗೆ, ಡಾಂಬರು ಮಿಶ್ರಣದ ಘಟಕಕ್ಕೆ ಇದು ಫಿಲ್ಲರ್ ಆಗಿ ಬೇಕಾಗುತ್ತದೆ. ಯಂತ್ರ ಬರುವ ಮೊದಲೇ ಅವರೊಂದಿಗೆ ಮಾತಾಡಿ. ಕ್ರಷರ್ ಯಂತ್ರದಿಂದ 3ರಿಂದ 10 ಮೀಟರ್ ಒಳಗೆ ಅಳೆದಾಗ ತೇಲುವ ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು ಅನ್ನುವುದು ಕಾನೂನು. ಗ್ರಾನೈಟ್ ಧೂಳಿನಲ್ಲಿ ಸ್ಫಟಿಕ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಕೆಲಸದವರು ಟವೆಲ್ ಸುತ್ತಿಕೊಂಡರೆ ಸಾಲದು, ಎನ್95ಗಿಂತ ಕಡಿಮೆಯ ಮಾಸ್ಕ್ ಕೊಡಬೇಡಿ.

ಲಾರಿಗೆ ತುಂಬುವ ಮೊದಲು ಮಿಕ್ಸರಿನಲ್ಲಿ ಟನ್ನಿಗೆ 10ರಿಂದ 20 ಲೀಟರ್ ನೀರು ಸೇರಿಸಿ, ದಾರಿಯಲ್ಲಿ ಹಾರುವುದಿಲ್ಲ, ದಪ್ಪ ಸಣ್ಣ ಬೇರೆಯಾಗುವುದಿಲ್ಲ. ಮೇಸ್ತ್ರಿಗಳಿಗೂ ಹೇಳಬೇಕು: ಒಣ ಮರಳು ನೀರು ಕುಡಿಯುತ್ತದೆ, ತೊಳೆದ ಮರಳಿನ ಅಳತೆಯಲ್ಲೇ ನೀರು ಹಾಕಿದರೆ ಕಾಂಕ್ರೀಟ್ ಬೇಗ ಬಿಗಿಯುತ್ತದೆ. ಗ್ರಾಹಕರಿಗೆ ತೂಕದ ಲಾಭವೂ ಇದೆ. ತೊಳೆದ ಮರಳಿನಲ್ಲಾದರೆ, ಒಣ ತೂಕದ ಲೆಕ್ಕದಲ್ಲಿ 7 ಶೇಕಡಾ ತೇವ ಇರುವ 10 ಟನ್ ಲೋಡಿನಲ್ಲಿ ಸುಮಾರು 650 ಲೀಟರ್ ನೀರಿಗೇ ದುಡ್ಡು ಕೊಟ್ಟಿರುತ್ತಾರೆ.

ಯಂತ್ರಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಕ್ವಾರಿಯ ಕಲ್ಲನ್ನು ಲ್ಯಾಬಿಗೆ ಕೊಡಿ. ಕಪ್ಪು ಮೈಕಾ (ಪದರ ಪದರವಾಗಿ ಹೊಳೆಯುವ ಖನಿಜ) ಹೆಚ್ಚಿದ್ದರೆ ಅದನ್ನು ಗಾಳಿಯಿಂದ ಪೂರ್ತಿ ತೆಗೆಯುವುದು ಕಷ್ಟ. ಸಿಮೆಂಟಿನ ಕ್ಷಾರದ ಜೊತೆ ಪ್ರತಿಕ್ರಿಯಿಸುವ ಸ್ಫಟಿಕ ಇದೆಯಾ ಅನ್ನುವುದನ್ನೂ ಅದೇ ಸಲ ನೋಡಿಸಿ.