ಮನೆಯೊಳಗೆ ತರಬಾರದ ಹೂವು

ಪ್ರಶ್ನೆ: ಕೊಡಗಿನ ಕಕ್ಕಡ ಮಾಸದ 18ರಂದು ನಮ್ಮ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ತಪ್ಪುವುದಿಲ್ಲ. ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳು ಬೇಲಿಯ ಬಿಳಿ ಹೂವನ್ನು ಮನೆಗೆ ತಂದಾಗ ನೆರೆಮನೆಯ ಅಜ್ಜಿ ಗಾಬರಿಯಿಂದ ಹೊರಗಿಡಿಸಿದರಂತೆ. ಅಲ್ಲಿಯೂ ಇಂಥ ಕಟ್ಟುಪಾಡುಗಳಿವೆಯೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇವೆ, ಬೇಕಾದಷ್ಟಿವೆ. ಮಗಳು ತಂದದ್ದು ಹಾಥಾರ್ನ್ ಹೂವಾಗಿರಬೇಕು. ಮೇ ತಿಂಗಳಲ್ಲಿ ಬೇಲಿ ತುಂಬ ಅರಳುವ ಈ ಹೂವು ಮನೆ ಹೊಕ್ಕರೆ ಅದರ ಹಿಂದೆಯೇ ಕೇಡು ಬರುತ್ತದೆಂಬುದು ಅಲ್ಲಿನ ಹಳೆಯ ನಂಬಿಕೆ. ಹೂವಿನಲ್ಲಿ ಟ್ರೈಮಿಥೈಲಮೈನ್ ಎಂಬ ರಾಸಾಯನಿಕವಿದೆ. ಕೆಟ್ಟ ಮೀನಿನ ನಾತವೂ ಅದರದೇ ಆದ್ದರಿಂದ, ಶವವನ್ನು ಮನೆಯಲ್ಲೇ ಮಲಗಿಸಿ ರಾತ್ರಿಯಿಡೀ ಕಾಯುತ್ತಿದ್ದ ಜನರಿಗೆ ಈ ಹೂವು ಸಾವನ್ನು ನೆನಪಿಸಿದ್ದರಲ್ಲಿ ಆಶ್ಚರ್ಯವಿಲ್ಲವೆಂದು ನನಗೆ ತೋರುತ್ತದೆ.

ಆದರೆ ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್, ಅವರು ‘ಒಳ್ಳೆಯ ಜನ’ ಎಂದು ಭಯದಿಂದಲೇ ಕರೆಯುವ ಅಗೋಚರ ಗಣಗಳ ನೆಲೆ; ಅದಕ್ಕೆ ಕೊಡಲಿ ಹಾಕುವಂತಿಲ್ಲ. 1999ರಲ್ಲಿ ಕ್ಲೇರ್ ಪ್ರಾಂತ್ಯದ ಲಾಟೂನಿನಲ್ಲಿ ಹೊಸ ಹೆದ್ದಾರಿಯ ದಾರಿಗೆ ಸಿಕ್ಕಿದ್ದ ಅಂಥದೊಂದು ಗಿಡ, ಕಥೆಗಾರ ಎಡ್ಡಿ ಲೆನಿಹಾನ್ ಎತ್ತಿದ ದನಿಯಿಂದ ಉಳಿಯಿತು. ದೇವರಕಾಡಿನ ಮರಕ್ಕೆ ಕತ್ತಿ ತಾಗಿಸಲು ಅಂಜುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಪಾಯಸಕ್ಕೆ ಹತ್ತಿರದ್ದು ಅವರ ನೆಟಲ್, ಅಂದರೆ ಮುಟ್ಟಿದರೆ ಉರಿಯುವ ತುರಿಕೆ ಸೊಪ್ಪು. ವಸಂತದಲ್ಲಿ ಅದನ್ನು ಮೂರು ಸಲ ಬೇಯಿಸಿ ತಿಂದರೆ ರಕ್ತ ಶುದ್ಧಿಯಾಗಿ ವರ್ಷವಿಡೀ ಕಾಯಿಲೆ ಬಾರದೆಂದು ಹಿರಿಯರು ಹೇಳುತ್ತಿದ್ದರು. ಹಸಿರಿಲ್ಲದ ಚಳಿಗಾಲ ಕಳೆದ ಮೇಲೆ ಮೊದಲು ಚಿಗುರುವ ಸೊಪ್ಪುಗಳಲ್ಲಿ ಅದೂ ಒಂದು. ಕುದಿಯುವ ನೀರಿಗೆ ಬಿದ್ದೊಡನೆ ಅದರ ಉರಿ ಇಳಿಯುತ್ತದೆ. ನಮ್ಮಲ್ಲಿ ನಾಟಿಯ ಕೆಸರಿನಲ್ಲಿ ದುಡಿದ ಮೈಗೆ, ಹದಿನೆಂಟು ಬಗೆಯ ಮದ್ದು ಸೇರಿದೆಯೆಂದು ನಂಬಿದ ಆ ದಿನದ ಸೊಪ್ಪನ್ನು ಕುದಿಸಿ, ನೇರಳೆ ಬಣ್ಣದ ರಸದಲ್ಲಿ ಅಕ್ಕಿ ಬೇಯಿಸಿ ಕೊಡುವುದೂ ಹೀಗೆಯೇ ಋತುವನ್ನು ನೋಡಿಕೊಂಡು ಬಂದ ಪದ್ಧತಿ.

ಇಂಥ ಎಷ್ಟೋ ಸಂಗತಿಗಳು ಉಳಿದದ್ದು ಮಕ್ಕಳಿಂದ: ಐರಿಷ್ ಜಾನಪದ ಆಯೋಗದ ಯೋಜನೆಯಂತೆ 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಯ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡರು.

ಮಗಳಿಗೆ ಒಂದು ಮಾತು ಹೇಳಿ. ನೆಟಲ್ ಕೀಳುವಾಗ ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲಿನ ಎಳೆಯ ಕುಡಿಯನ್ನಷ್ಟೇ ಕೊಯ್ಯಲಿ. ಗಂಟೆಯಾಕಾರದ ನೇರಳೆ ಹೂವಿನ ಫಾಕ್ಸ್‌ಗ್ಲೋವ್ ಕೂಡ ಅಲ್ಲಿನ ಹಳೆಯ ನಾಟಿಮದ್ದೇ ಆದರೂ ಅದರ ಎಲೆ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಯಾರು ಹೇಳಿದರೂ ಅದನ್ನು ಬಾಯಿಗಿಡುವುದು ಬೇಡ.